ನಿಮ್ಮ ಕಂಪನಿ ಟೀ ಶರ್ಟ್ ನಾವು ಯಾಕೆ ಪ್ರಿಂಟ್ ಮಾಡಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಪೀಣ್ಯದಲ್ಲಿರುವ ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಮತ್ತು ಎಂಬ್ರಾಯ್ಡರಿ ಯೂನಿಟ್. ಕಂಪನಿಗಳ ಟೀ ಶರ್ಟ್, ಹೂಡಿ, ಬಟ್ಟೆ ಚೀಲ, ಕಾಲೇಜು ಫೆಸ್ಟಿನ ಆರ್ಡರ್, ಇವೇ ನಮ್ಮ ಅನ್ನ. ಕೆಲವು ವ್ಯವಹಾರದವರ ಕೆಲಸ ಮಾತ್ರ ನಾವು ತಗೊಳ್ಳುವುದಿಲ್ಲ. ಯಾಕೆ ಅಂತ ವಾಟ್ಸಾಪಲ್ಲಿ ಕೇಳುತ್ತಲೇ ಇರುತ್ತಾರೆ, ಕೆಲವರು ಕುತೂಹಲಕ್ಕೆ, ಕೆಲವರು ಸಿಟ್ಟಿಗೆ. ಕೇಳಿದವರಿಗೆಲ್ಲ ಒಂದೇ ಉತ್ತರ ಸಿಗಲಿ ಅಂತ ಇಲ್ಲಿ ಬರೆದಿಟ್ಟಿದ್ದೇವೆ.

ಯಾರ ಯಾರ ಆರ್ಡರ್ ತಗೊಳ್ಳಲ್ಲ?

ಸಿಗರೇಟು, ಬೀಡಿ, ಗುಟ್ಕಾ, ಪಾನ್ ಮಸಾಲಾ. ಹೆಂಡದ ಬ್ರ್ಯಾಂಡುಗಳು, ಅದೇ ಹೆಸರಿನ ಸೋಡಾ ಮತ್ತು ಮ್ಯೂಸಿಕ್ ಸಿಡಿಗಳೂ ಸೇರಿ. ದುಡ್ಡು ಕಟ್ಟಿ ಆಡುವ ಆಟದ ಆ್ಯಪ್‌ಗಳು. ಸಾಲ ಕೊಟ್ಟು ಆಮೇಲೆ ಫೋನಿನಲ್ಲಿರುವ ನಂಬರಿಗೆಲ್ಲ ಕರೆ ಮಾಡಿ ಮಾನ ಕಳೆಯುವ ಲೋನ್ ಆ್ಯಪ್‌ಗಳು. "ಸಕ್ಕರೆ ಕಾಯಿಲೆ ಬುಡಸಮೇತ ವಾಸಿ" ಅನ್ನುವವರು. ಮಗುವಿನ ಹಾಲಿನ ಪುಡಿ ಕಂಪನಿಗಳು. ಇನ್ನಿಬ್ಬರನ್ನು ಸೇರಿಸಿ ಅಂತ ತಲೆ ಮೇಲೆ ತಲೆ ಕಟ್ಟುವ ಸ್ಕೀಮುಗಳು.

ಇದರಲ್ಲಿ ಅರ್ಧ ನಮ್ಮ ದೊಡ್ಡತನ ಏನೂ ಅಲ್ಲ, ಕಾನೂನೇ ಅಡ್ಡ ಇದೆ. ತಂಬಾಕಿನ ಜಾಹೀರಾತಿಗೆ 2003ರ ಕಾಯಿದೆ ತಡೆ ಹಾಕಿದೆ. ಹಾಲಿನ ಪುಡಿ, ಫೀಡಿಂಗ್ ಬಾಟಲಿ ಜಾಹೀರಾತಿಗೆ 1992ರದ್ದು. ಪವಾಡದ ಔಷಧಿಗೆ 1954ರದ್ದು, ಅದರ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. ದುಡ್ಡಿನ ಆಟಕ್ಕೆ 2025ರ ಕಾಯಿದೆ ಬಂದಿದೆ. ಅದರಲ್ಲಿ ಜಾಹೀರಾತು ಮಾಡಿದವರಿಗೂ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅಂತಿದೆ. ಎದೆ ಮೇಲೆ ಬ್ರ್ಯಾಂಡ್ ಹೆಸರು ಹೊತ್ತ ಟೀ ಶರ್ಟ್ ಜಾಹೀರಾತಲ್ಲದೆ ಇನ್ನೇನು?

ಈ ಆಟದ ಆ್ಯಪ್‌ಗಳ ವಿಷಯದಲ್ಲಿ ಒಂದು ಮಾತು. ಕರ್ನಾಟಕ 2021ರಲ್ಲೇ ಪೊಲೀಸ್ ಕಾಯಿದೆ ತಿದ್ದಿ ಇವನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಅಲ್ಲಿಂದ ಹೊಸ ಕೇಂದ್ರ ಕಾಯಿದೆ ಬರುವವರೆಗೂ ಅವರ ವ್ಯವಹಾರ ನಮ್ಮ ಊರಲ್ಲಿ ರಾಜಾರೋಷವಾಗಿ ನಡೆಯಿತು. ಕಾನೂನು ಇವತ್ತು ಹೌದು ಅನ್ನಬಹುದು, ನಾಳೆ ಇಲ್ಲ ಅನ್ನಬಹುದು. ನಮ್ಮ ಪಟ್ಟಿ ಅದರ ಜೊತೆ ಮೇಲೆ ಕೆಳಗೆ ಆಗುತ್ತಿದ್ದರೆ ನಮ್ಮ ಹುಡುಗರಿಗೇ ತಲೆ ಕೆಡುತ್ತದೆ. ಅದಕ್ಕೇ ಕಾನೂನು ಎಳೆದ ಗೆರೆ ಮುಟ್ಟದೆ ಒಂದು ಹೆಜ್ಜೆ ಹಿಂದೆಯೇ ನಿಂತಿದ್ದೇವೆ.

ದುಡ್ಡು ಕೊಟ್ಟ ಮೇಲೆ ಪ್ರಿಂಟ್ ಮಾಡಬೇಕು ತಾನೇ? ನಿಮಗೇನು ನಷ್ಟ?

ನಮ್ಮ ಟೀ ಶರ್ಟಿನ ಕುತ್ತಿಗೆ ಹತ್ತಿರ ಒಳಗೆ ತಿರುಗಿಸಿ ನೋಡಿ. ಸೈಜ್ ಇರುವ ಚಿಕ್ಕ ಲೇಬಲ್ಲಿನಲ್ಲಿ ನಮ್ಮ ಹೆಸರಿದೆ. ಎದೆ ಮೇಲೆ ನಿಮ್ಮ ಲೋಗೋ, ಕತ್ತಿನಲ್ಲಿ ನಮ್ಮ ಲೇಬಲ್. ಒಂದೇ ಬಟ್ಟೆ ಮೇಲೆ ಎರಡು ಹೆಸರು.

ಬೆಂಗಳೂರಲ್ಲಿ ಕಂಪನಿ ಟೀ ಶರ್ಟಿಗೆ ಆಯಸ್ಸು ಜಾಸ್ತಿ. ಮೊದಲು ಆಫೀಸಿಗೆ, ಆಮೇಲೆ ವಾಕಿಂಗಿಗೆ, ಆಮೇಲೆ ಊರಲ್ಲಿ ಅಪ್ಪನ ಮೈಮೇಲೆ, ಕಡೆಗೆ ಸ್ಕೂಟರ್ ಒರೆಸುವುದಕ್ಕೆ. ಸ್ಟಾರ್ಟಪ್ ಬಾಗಿಲು ಹಾಕಿ ಎಷ್ಟೋ ವರ್ಷ ಆಗಿರುತ್ತದೆ, ಅದರ ಲೋಗೋ ಮಾತ್ರ ಇನ್ನೂ ಕಬ್ಬನ್ ಪಾರ್ಕಲ್ಲಿ ಬೆಳಗ್ಗೆ ಬೆಳಗ್ಗೆ ಓಡುತ್ತಿರುತ್ತದೆ. ಅಷ್ಟು ವರ್ಷ ಜೊತೆಗಿರುವ ಹೆಸರು ಯಾರದ್ದು ಅಂತ ನಾವು ನೋಡಬೇಕಾಗುತ್ತದೆ.

ಬಟ್ಟೆ ನೀವೇ ತಂದು ಬರೀ ಪ್ರಿಂಟ್ ಮಾಡಿಸಿದರೆ ಲೇಬಲ್ ಇರುವುದಿಲ್ಲವಲ್ಲ ಅಂತ ಒಬ್ಬರು ಲಾಯರ್ ಥರ ಕೇಳಿದ್ದರು. ಪಾಯಿಂಟ್ ಸರಿಯಾಗಿದೆ. ಆದರೂ ಮಾಡುವುದಿಲ್ಲ, ಕೈ ನಮ್ಮದೇ ಅಲ್ವಾ.

ಇದು ಪೆಟಗೋನಿಯಾ ನೋಡಿ ಕಲಿತಿದ್ದಾ?

ಧೈರ್ಯ ಅಲ್ಲಿಂದ ಬಂತು, ಪಟ್ಟಿ ನಮ್ಮದೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೆಟಗೋನಿಯಾ ಅಮೆರಿಕದ ಬಟ್ಟೆ ಕಂಪನಿ, ಬೆಟ್ಟ ಹತ್ತುವವರಿಗೆ ಬೇಕಾದ ಬಟ್ಟೆ ಮಾಡುತ್ತದೆ. ಅದರ ತೋಳಿಲ್ಲದ ಜಾಕೆಟ್ ಮೇಲೆ ತಮ್ಮ ಬ್ಯಾಂಕಿನ ಹೆಸರು ಹಾಕಿಸಿಕೊಂಡು ತಿರುಗುವುದು ನ್ಯೂಯಾರ್ಕಿನ ಹಣಕಾಸು ಮಂದಿಗೆ ಯೂನಿಫಾರ್ಮ್ ಥರ ಆಗಿಬಿಟ್ಟಿತ್ತು. 2019ರಲ್ಲಿ ಕಂಪನಿ ಇದಕ್ಕೆ ಕಡಿವಾಣ ಹಾಕಿತು. ಇನ್ನು ಮುಂದೆ ಪರಿಸರದ ಕಾಳಜಿ ಇರುವ ಕಂಪನಿಗಳಿಗೇ ಮೊದಲ ಮಣೆ ಅಂದಿತು. ಹೊಸದಾಗಿ ಬಂದ ಎಣ್ಣೆ, ಗಣಿ, ಹಣಕಾಸಿನ ಕಂಪನಿಗಳಿಗೆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿತು. ಹಳೆ ಗಿರಾಕಿಗಳನ್ನು ಮಾತ್ರ ಕೈಬಿಡಲಿಲ್ಲ. ಈ ಕೊನೇ ವಿಷಯವನ್ನು ಸುಮಾರು ಜನ ಮರೆಯುತ್ತಾರೆ, ಅವರದ್ದೂ ವ್ಯಾಪಾರವೇ.

2021ರಲ್ಲಿ ಬೇರೆಯವರ ಲೋಗೋ ಹಾಕುವುದನ್ನೇ ನಿಲ್ಲಿಸಿದರು. ಅದಕ್ಕೆ ಕೊಟ್ಟ ಕಾರಣ ನನಗೆ ಜಾಸ್ತಿ ಹಿಡಿಸಿತು: ಜನ ಕೆಲಸ ಬದಲಿಸುತ್ತಾರೆ, ಲೋಗೋ ಇದ್ದ ಬಟ್ಟೆಯನ್ನು ಯಾರಿಗೂ ಕೊಡಲು ಆಗುವುದಿಲ್ಲ, ಗಟ್ಟಿಮುಟ್ಟಾದ ಜಾಕೆಟ್ ಸುಮ್ನೆ ಮೂಲೆ ಸೇರುತ್ತದೆ. ಇಲ್ಲಿ ಉಲ್ಟಾ. ನಮ್ಮಲ್ಲಿ ಯಾವ ಲೋಗೋ ಇದ್ದರೂ ತಮ್ಮನಿಗೋ ಮಾವನಿಗೋ ಡ್ರೈವರಿಗೋ ಹೋಗುತ್ತದೆ. ಅದಕ್ಕೇ ಆ ನಿಯಮ ನಮಗೆ ಹೊಂದುವುದಿಲ್ಲ, ಮೊದಲನೆಯದ್ದು ಹೊಂದುತ್ತದೆ.

ಗಿರಾಕಿಯನ್ನು ಬೇಡ ಅನ್ನೋದು ಕಾನೂನು ಪ್ರಕಾರ ಸರಿನಾ?

ನಮ್ಮಂಥ ಅಂಗಡಿಗೆ ಸರಿ. ಒಪ್ಪಂದ ಅಂದರೆ ಎರಡೂ ಕಡೆಯವರು ಮನಸ್ಸಿನಿಂದ ಒಪ್ಪಬೇಕು, 1872ರ ಕರಾರು ಕಾಯಿದೆ ಹೇಳುವುದೂ ಅದನ್ನೇ. ಕೊಟೇಶನ್ ಕೇಳಿದ ಮಾತ್ರಕ್ಕೆ ನಾವು ಮಾಡಿಕೊಡಲೇಬೇಕು ಅಂತಿಲ್ಲ.

ಎಲ್ಲರಿಗೂ ಈ ಅನುಕೂಲ ಇಲ್ಲ. ಮೀಟರ್ ಹಾಕುವ ಆಟೋದವರು "ಆ ಕಡೆ ಬರಲ್ಲ" ಅಂದರೆ ಅದು ಮೋಟಾರು ವಾಹನ ಕಾಯಿದೆ ಪ್ರಕಾರ ತಪ್ಪು, ದಂಡ ಹಾಕಬಹುದು. (ಮಳೆ ಬರುವಾಗ ಮೆಜೆಸ್ಟಿಕ್ಕಿನಲ್ಲಿ ಈ ಕಾಯಿದೆಯನ್ನು ನೆನಪಿಸಿ ನೋಡಿ, ಏನಾಗುತ್ತದೆ ಅಂತ ನಿಮಗೇ ಗೊತ್ತು.) ಸರ್ಕಾರದಿಂದ ಪರ್ಮಿಟ್ ಪಡೆದು ಸಾರ್ವಜನಿಕ ಸೇವೆ ಕೊಡುವವರ ಮೇಲೆ ಬೇರೆ ಜವಾಬ್ದಾರಿ ಇರುತ್ತದೆ. ರೇಷನ್ ಅಂಗಡಿಯವರು ನಿಮ್ಮ ಕೆಲಸ ನನಗೆ ಇಷ್ಟವಿಲ್ಲ, ಅಕ್ಕಿ ಕೊಡಲ್ಲ ಅನ್ನುವ ಹಾಗಿಲ್ಲ. ಟೀ ಶರ್ಟ್ ಅಕ್ಕಿ ಅಲ್ಲ.

ದೊಡ್ಡ ಕಂಪನಿಗಳ ಲೆಕ್ಕ ಮತ್ತೆ ಬೇರೆ. ಮಾರುಕಟ್ಟೆಯನ್ನೇ ಕೈಯಲ್ಲಿ ಇಟ್ಟುಕೊಂಡವರು ಯಾರಿಗಾದರೂ ಬಾಗಿಲು ಮುಚ್ಚಿದರೆ 2002ರ ಸ್ಪರ್ಧಾ ಕಾಯಿದೆ ಅಡ್ಡ ಬರಬಹುದು. ಪೀಣ್ಯದ ಅಡ್ಡರಸ್ತೆಯ ಯೂನಿಟ್ ಬೇಡ ಅಂದರೆ ನಿಮಗೆ ಪಕ್ಕದ ರಸ್ತೆಯಲ್ಲೇ ಇನ್ನೊಂದು ಸಿಗುತ್ತದೆ.

ಇನ್ನು ಮನುಷ್ಯರನ್ನು ಬೇಡ ಅನ್ನುವ ಹಕ್ಕು ಯಾವ ಅಂಗಡಿಗೂ ಇಲ್ಲ. ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು, ಇವುಗಳ ಕಾರಣಕ್ಕೆ ಅಂಗಡಿ, ಹೋಟೆಲ್ಲಿಗೆ ಬರುವವರನ್ನು ತಡೆಯಬಾರದು ಅನ್ನುತ್ತದೆ. ಸಂವಿಧಾನದ ಉಳಿದ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರವನ್ನು ಕಟ್ಟಿಹಾಕುತ್ತವೆ, ಇದು ನೇರವಾಗಿ ನನ್ನ ನಿಮ್ಮಂಥವರ ಗಲ್ಲಾಪೆಟ್ಟಿಗೆ ಮುಂದೆ ಬಂದು ನಿಲ್ಲುತ್ತದೆ. ಅಂಗಡಿ ಅಂದರೆ ಬರೀ ಸಾಮಾನು ಮಾರುವ ಜಾಗ ಅಂತ ತಿಳಿಯಬೇಡಿ. 2011ರಲ್ಲಿ ಸುಪ್ರೀಂ ಕೋರ್ಟ್ ಆ ಮಾತಿನ ವ್ಯಾಪ್ತಿಯನ್ನು ಸೇವೆಗಳಿಗೂ ಹಿಗ್ಗಿಸಿತು. ಅಸ್ಪೃಶ್ಯತೆ ಕಾರಣಕ್ಕೆ ಸೇವೆ ನಿರಾಕರಿಸಿದರೆ 1955ರ ಕಾಯಿದೆ ಪ್ರಕಾರ ಅದು ಅಪರಾಧ.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. "ನಮ್ಮ ಮೌಲ್ಯಕ್ಕೆ ಹೊಂದಲ್ಲ" ಅನ್ನುವ ಮಾತು ಬಾಡಿಗೆ ಮನೆ ಹುಡುಕಿದವರಿಗೆಲ್ಲ ಪರಿಚಯ. ಮನೆ ಖಾಲಿ ಇರುತ್ತದೆ, ಬೋರ್ಡೂ ಇರುತ್ತದೆ, ಹೆಸರು ಕೇಳಿದ ಮೇಲೆ ಮನೆ ಕೊಟ್ಟಾಯ್ತು ಅನ್ನುತ್ತಾರೆ. ಅಂಥದ್ದಕ್ಕೆ ಹೊದಿಸುವ ಬಣ್ಣದ ಬಟ್ಟೆ ನಮ್ಮ ಪಟ್ಟಿ ಆಗಬಾರದು. ನಾವು ನೋಡುವುದು ಏನು ಮಾರುತ್ತೀರಿ ಅನ್ನುವುದನ್ನು. ಯಾರು ನೀವು ಅನ್ನುವುದು ನಮಗೆ ಬೇಡ.

ಹಾಗಾದರೆ ಉರುಸು, ಜಾತ್ರೆ, ಚರ್ಚ್ ಹಬ್ಬ, ಪ್ರೈಡ್ ಮೆರವಣಿಗೆ?

ಎಲ್ಲ ಮಾಡುತ್ತೇವೆ. ಒಂದೇ ರೇಟು. ಇನ್ನೊಬ್ಬರನ್ನು ಬೈಯುವ ಸಾಲು ಇದ್ದರೆ ಮಾತ್ರ ಇಲ್ಲ, ಅದು ಯಾರ ಕಡೆಯಿಂದ ಬಂದರೂ.

ನಾನು ಸಿಗರೇಟ್ ಕಂಪನಿಯಲ್ಲಿ ಅಕೌಂಟೆಂಟ್. ಮಗಳ ಹುಟ್ಟುಹಬ್ಬಕ್ಕೆ ಟೀ ಶರ್ಟ್ ಬೇಕಿತ್ತು.

ಬನ್ನಿ ಸರ್. ಮಗಳ ಹೆಸರಿನ ಸ್ಪೆಲ್ಲಿಂಗ್ ಮಾತ್ರ ಎರಡು ಸಲ ನೋಡಿ ಕಳಿಸಿ. ಸ್ಕ್ರೀನ್ ಎಕ್ಸ್‌ಪೋಸ್ ಆದ ಮೇಲೆ, ಅಂದರೆ ಬೆಳಕು ಬಿಟ್ಟು ಅದರಲ್ಲಿ ಅಕ್ಷರ ಮೂಡಿಸಿದ ಮೇಲೆ, ಬದಲಿಸಲು ಆಗುವುದಿಲ್ಲ.

ಪಾನ್ ಮಸಾಲಾ ಬೇಡ ಅಂತೀರಿ, ಅಡಿಕೆ ಬೆಳೆಗಾರರ ಸಂಘದ್ದು ಮಾಡ್ತೀರಂತೆ. ಇದ್ಯಾವ ನ್ಯಾಯ?

ಜಾಸ್ತಿ ಬೈಸಿಕೊಂಡಿರುವುದು ಈ ಪ್ರಶ್ನೆಗೇ. ನಮ್ಮ ಅಮ್ಮನ ಮನೆ ತೀರ್ಥಹಳ್ಳಿ ಕಡೆ. ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಅಂಗಳದಲ್ಲಿ ಒಣಗಿಸುವುದು ಎಲ್ಲ ನೋಡಿ ಬೆಳೆದವರು ನಾವು. ನಮ್ಮ ಕಾಲೇಜು ಫೀಸು ಬಂದದ್ದು ಅದೇ ಅಂಗಳದಿಂದ.

ವಿಷಯ ಏನೆಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತಂಬಾಕು ಸೇರದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮಲೆನಾಡಿನಲ್ಲಿ ಈ ಮಾತು ಎತ್ತಿದರೆ ಊಟಕ್ಕೆ ಕೂತವರು ಎದ್ದು ಹೋಗುತ್ತಾರೆ. ತೋಟದವರ ಸಿಟ್ಟಿನಲ್ಲೂ ಅರ್ಥವಿದೆ. ಸಾಲ ತೀರುವುದು ಅಡಿಕೆಯಿಂದ, ಮದುವೆ ನಡೆಯುವುದು ಅಡಿಕೆಯಿಂದ, ಕೊಳೆ ರೋಗ ಬಂದು ಕಾಯಿ ಉದುರಿದರೆ, ಎಲೆಚುಕ್ಕಿ ರೋಗ ಹಬ್ಬಿದರೆ ಯಾರೂ ಬಂದು ಕೇಳುವುದಿಲ್ಲ, ಹೀಗಿರುವಾಗ ಬೆಂಗಳೂರಲ್ಲಿ ಕೂತವನೊಬ್ಬ ನಿಮ್ಮ ಬೆಳೆ ವಿಷ ಅಂದರೆ ಹೇಗನಿಸಬೇಡ?

ಗುಟ್ಕಾ ಕಂಪನಿಯ ಕತೆ ಬೇರೆ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿ ಜೋಡಿಯಾಗಿ ನೇತುಹಾಕಿದರು. ಯಾವ ಡಬ್ಬಾ ಅಂಗಡಿಗೆ ಬೇಕಾದರೂ ಹೋಗಿ ನೋಡಿ. ಕೊಳ್ಳುವವರು ಎರಡನ್ನೂ ಹರಿದು ಅಂಗೈಯಲ್ಲೇ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ನಿಷೇಧವನ್ನು ಪೊಟ್ಟಣದ ಲೆಕ್ಕದಲ್ಲಿ ಗೆದ್ದವರು ಅವರು. ಸಿನಿಮಾ ನಟರನ್ನು ಹಿಡಿದು ಏಲಕ್ಕಿ ಹೆಸರಲ್ಲಿ ಜಾಹೀರಾತು ಮಾಡಿಸುವವರೂ ಅವರೇ.

ಬೆಳೆಯುವವರು, ಪೊಟ್ಟಣ ಕಟ್ಟಿ ಮಾರುವವರು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನ್ನಿಂದ ಆಗುವುದಿಲ್ಲ. ರೈತರಿಗೆ ಬೆಳೆ ಬದಲಿಸುವುದು ಒಂದು ತಲೆಮಾರಿನ ಕೆಲಸ. ಕಂಪನಿಗೆ ಅದು ಬೋರ್ಡ್ ಮೀಟಿಂಗಿನ ಒಂದು ನಿರ್ಧಾರ. ಕ್ಯಾಂಪ್ಕೋ ನೋಡಿ, 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿಯೇ ಹುಟ್ಟಿದ ಸಹಕಾರಿ ಸಂಸ್ಥೆ, 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕೂಡ ಮಾಡುತ್ತಿದೆ. ಬೆಳೆಗಾರರು ಬೇರೆ ದಾರಿ ಹುಡುಕಲೇ ಇಲ್ಲ ಅನ್ನುವ ಹಾಗಿಲ್ಲ.

ಇದು ಸ್ವಂತ ಜನರ ಮೇಲಿನ ಮೋಹ ಅಂತ ನಿಮಗೆ ಅನಿಸಿದರೆ, ಸ್ವಲ್ಪ ಇರಬಹುದು. ಸಂಘದವರ ಟೀ ಶರ್ಟ್ ಮಾಡುತ್ತೇವೆ. ಪೊಟ್ಟಣದವರದ್ದು ಮಾಡುವುದಿಲ್ಲ.

ಹೆಂಡ ಬೇಡ ಅಂತೀರಿ, ಆರ್‌ಸಿಬಿ ಮ್ಯಾಚ್ ದಿನ ನಿಮ್ಮ ಹುಡುಗರೆಲ್ಲ ಕೆಂಪು ಜೆರ್ಸಿಯಲ್ಲೇ ಇರ್ತಾರಲ್ಲ?

ಸಿಕ್ಕಿಬಿದ್ದೆವು. ಆ ಟೀಮಿನ ಹೆಸರು ಬಂದಿದ್ದೇ ವಿಸ್ಕಿ ಬ್ರ್ಯಾಂಡ್‌ನಿಂದ, 2008ರಲ್ಲಿ. ಈ ಊರಲ್ಲಿ ಬಿಯರ್ ಹೆಸರು ನೀರಿನ ಬಾಟಲಿ ಮೇಲೂ ಇತ್ತು, ಕ್ಯಾಲೆಂಡರ್ ಮೇಲೂ ಇತ್ತು, 2005ರಿಂದ 2012ರವರೆಗೆ ವಿಮಾನದ ಬಾಲದ ಮೇಲೂ ಇತ್ತು. ಹೆಂಡದ ಜಾಹೀರಾತನ್ನು ಟಿವಿಯಲ್ಲಿ ತೋರಿಸುವ ಹಾಗಿಲ್ಲ ಅಂದಾಗ ಹುಟ್ಟಿದ ಜಾಣತನ ಇದು. ಇಂಥ ಬದಲಿ ಜಾಹೀರಾತು ನಡೆಯಲ್ಲ ಅಂತ ಕೇಂದ್ರದ ಗ್ರಾಹಕ ಪ್ರಾಧಿಕಾರ 2022ರ ಮಾರ್ಗಸೂಚಿಯಲ್ಲಿ ಬರೆದಿದೆ.

ಹುಡುಗರು ಏನು ಹಾಕಿಕೊಳ್ಳುತ್ತಾರೆ ಅನ್ನುವುದು ಅವರಿಷ್ಟ. ಅವರ ಅಭಿಮಾನ ಟೀಮಿನ ಮೇಲೆ, ಬಾಟಲಿ ಮೇಲಲ್ಲ. ಟೀಮಿನ ಲೋಗೋ ಪ್ರಿಂಟ್ ಮಾಡಿಕೊಡಿ ಅಂತ ಬರುತ್ತಾರೆ, ಅದನ್ನು ಬೇಡ ಅನ್ನಲು ಬೇರೆಯೇ ಕಾರಣ ಇದೆ: ಲೈಸೆನ್ಸ್ ಇಲ್ಲದೆ ಮಾಡಿದರೆ ಟ್ರೇಡ್‌ಮಾರ್ಕ್ ಕೇಸು. "ಈ ಸಲ ಕಪ್ ನಮ್ದೇ" ಅಂತ ಬರೀ ಅಕ್ಷರದಲ್ಲಿ ಎಷ್ಟು ಬೇಕಾದರೂ ಹಾಕಿಕೊಡುತ್ತೇವೆ.

ನಾವು ಕುಡಿಯಲ್ವಾ ಅಂತ ಕೇಳಬೇಡಿ. ಕುಡಿಯುವವರು ಇದ್ದಾರೆ, ಕುಡಿಯದವರು ಇದ್ದಾರೆ. ಬಾರು, ರೆಸ್ಟೋರೆಂಟ್ ಕೆಲಸದವರ ಯೂನಿಫಾರ್ಮ್ ಮಾಡಿಕೊಡುತ್ತೇವೆ. ಅದು ಕೆಲಸದ ಬಟ್ಟೆ.

ಎಚ್‌ಎಎಲ್, ಬಿಇಎಲ್? ಅವೂ ಯುದ್ಧದ ಸಾಮಾನೇ ಅಲ್ವಾ?

ಬೇರೆ ದೇಶಗಳಲ್ಲಿ ಶಸ್ತ್ರಾಸ್ತ್ರ ಕಂಪನಿಗಳನ್ನು ಬೇಡ ಅನ್ನುವವರು ಇದ್ದಾರೆ. ಅಮೆರಿಕದ ಸೇಲ್ಸ್‌ಫೋರ್ಸ್ ಎಂಬ ಸಾಫ್ಟ್‌ವೇರ್ ಕಂಪನಿ 2019ರಲ್ಲಿ ಕೆಲವು ಬಗೆಯ ಬಂದೂಕುಗಳನ್ನು ಜನರಿಗೆ ಮಾರುವ ಅಂಗಡಿಗಳು ತನ್ನ ಸಾಫ್ಟ್‌ವೇರ್ ಬಳಸುವ ಹಾಗಿಲ್ಲ ಅಂದಿತು. ಅಲ್ಲಿನ ಸಮಸ್ಯೆಗೆ ಅಲ್ಲಿನ ಉತ್ತರ ಅದು. ಇಲ್ಲಿ ಬಂದೂಕು ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲ.

ಎಚ್‌ಎಎಲ್ 1940ರದ್ದು, ಬಿಇಎಲ್ 1954ರದ್ದು. ಜಾಲಹಳ್ಳಿಯಿಂದ ಮಾರತ್‌ಹಳ್ಳಿವರೆಗೆ ಎಷ್ಟು ಮನೆಗಳಲ್ಲಿ ಆ ಸಂಬಳದ ಮೇಲೆ ಮಕ್ಕಳು ಓದಿದ್ದಾರೆ ಅಂತ ಲೆಕ್ಕ ಹಾಕಲು ಆಗುವುದಿಲ್ಲ. ಪೀಣ್ಯದಲ್ಲೇ ಅವಕ್ಕೆ ಬಿಡಿಭಾಗ ಮಾಡಿಕೊಡುವ ಯೂನಿಟ್‌ಗಳಿವೆ. ಅವರ ಕ್ರೀಡಾಕೂಟದ ಟೀ ಶರ್ಟ್ ಬಂದರೆ ಮಾಡುತ್ತೇವೆ. ಯುದ್ಧವೇ ಬೇಡ ಅನ್ನುವ ಒಬ್ಬ ಗೆಳೆಯ ಈ ವಿಷಯಕ್ಕೆ ನಮ್ಮ ಜೊತೆ ಇನ್ನೂ ಜಗಳ ಆಡುತ್ತಾನೆ. ಆಡಲಿ.

ರಿಯಲ್ ಎಸ್ಟೇಟ್?

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕಳಿಸಿ. ನೋಂದಣಿ ಆಗಬೇಕಾದ ಪ್ರಾಜೆಕ್ಟನ್ನು ನೋಂದಣಿ ಇಲ್ಲದೆ ಜಾಹೀರಾತು ಮಾಡುವ ಹಾಗೇ ಇಲ್ಲ. ನಂಬರ್ ಇದ್ದರೆ ಕೆಲಸ ಶುರು. ಕೆರೆ ಅಂಗಳದಲ್ಲಿ ನಿಂತು "ಲೇಕ್ ವ್ಯೂ" ಅನ್ನುವವರ ಮೇಲೆ ನಮಗೆ ಬೇರೆ ಅಭಿಪ್ರಾಯ ಇದೆ, ಆದರೆ ಸರ್ವೆ ನಂಬರ್ ಹಿಡಿದು ಕೆರೆ ಹುಡುಕುವಷ್ಟು ಪುರುಸೊತ್ತು ನಮಗಿಲ್ಲ.

ರಾಜಕೀಯ ಪಕ್ಷ?

ಯಾವ ಪಕ್ಷದ್ದೂ ಇಲ್ಲ. ಮೌಲ್ಯ ಗಿಲ್ಯ ಏನೂ ಅಲ್ಲ, ಎಲೆಕ್ಷನ್ ಮುಗಿದ ಮೇಲೆ ಬಾಕಿ ವಸೂಲಿಗೆ ಯಾರ ಮನೆ ಬಾಗಿಲಿಗೆ ಹೋಗೋಣ ಹೇಳಿ.

ನಮ್ಮದು ಸಾಫ್ಟ್‌ವೇರ್ ಕಂಪನಿ. ನಮ್ಮ ಒಂದು ಕ್ಲೈಂಟ್ ಸಿಗರೇಟ್ ಕಂಪನಿ. ನಾವೂ ಪಟ್ಟಿಯಲ್ಲಿ ಇದ್ದೀವಾ?

ಇಲ್ಲ. ನಿಮ್ಮ ಎದೆ ಮೇಲಿನ ಹೆಸರು ಏನು ಮಾರುತ್ತದೆ, ಅಷ್ಟೇ. ಅದರ ಹಿಂದೆ, ಹಿಂದಿನದರ ಹಿಂದೆ ಅಂತ ಹೋದರೆ ಈ ಊರಲ್ಲಿ ಯಾರಿಗೂ ಟೀ ಶರ್ಟ್ ಸಿಗುವುದಿಲ್ಲ. ನಮಗೆ ಸಾಲ ಕೊಟ್ಟ ಬ್ಯಾಂಕೂ ಯಾರು ಯಾರಿಗೆ ಸಾಲ ಕೊಟ್ಟಿದೆಯೋ.

ಗಿಫ್ಟ್ ವೆಂಡರ್ ಮೂಲಕ ಬಂದರೆ ನಿಮಗೆ ಹೇಗೆ ಗೊತ್ತಾಗುತ್ತೆ?

ಒಮ್ಮೊಮ್ಮೆ ತಡವಾಗಿ ಗೊತ್ತಾಗುತ್ತದೆ. ಒಂದು ಸಲ ವೆಂಡರ್ ಒಬ್ಬರು ಒಂದೇ ಬಣ್ಣದ ಆರ್ಟ್‌ವರ್ಕ್ ಕಳಿಸಿದರು, ಬೆನ್ನ ಮೇಲೆ ವಾಲಂಟಿಯರ್ ಅಂತ ದೊಡ್ಡ ಅಕ್ಷರ, ಎದೆ ಮೇಲೆ ಒಂದು ಎಲೆಯ ಗುರುತು. ಪರಿಸರ ದಿನದ ಕಾರ್ಯಕ್ರಮ ಅಂದುಕೊಂಡೆವು. ಫಿಲ್ಮ್ ತೆಗೆದು ಟೇಬಲ್ ದೀಪದ ಮೇಲೆ ಇಟ್ಟಾಗ ಎಲೆಯ ಕೆಳಗೆ ಇರುವೆ ಸಾಲಿನಂತೆ ಸಣ್ಣ ಅಕ್ಷರ ಕಂಡಿತು. ನಮ್ಮ ಎಕ್ಸ್‌ಪೋಸಿಂಗ್ ಹುಡುಗ ಭೂತಗನ್ನಡಿ ಹಿಡಿದು ಓದಿದ: ಪಾನ್ ಮಸಾಲಾ ಬ್ರ್ಯಾಂಡಿನ ಹೆಸರು. ಸ್ಕ್ರೀನಿಗೆ ಇನ್ನೂ ಬೆಳಕು ಬಿಟ್ಟಿರಲಿಲ್ಲ. ಫಿಲ್ಮಿನ ಖರ್ಚು ನಾವೇ ಹಾಕಿಕೊಂಡು ಅಡ್ವಾನ್ಸ್ ಪೂರ್ತಿ ಅವತ್ತೇ ವಾಪಸ್ ಹಾಕಿದೆವು. ವೆಂಡರ್ ಮಾತು ಬಿಟ್ಟರು.

ಅಂದಿನಿಂದ ಕೊಟೇಶನ್ ಫಾರಂನಲ್ಲಿ "ಟೀ ಶರ್ಟ್ ಯಾರಿಗೆ" ಅನ್ನುವ ಸಾಲು ಸೇರಿದೆ. ಅದನ್ನು ಖಾಲಿ ಬಿಟ್ಟರೆ ರೇಟ್ ಬರುವುದಿಲ್ಲ.

ಒಪ್ಪಿಕೊಂಡು ಅಡ್ವಾನ್ಸ್ ತಗೊಂಡು ಆಮೇಲೆ ಕೈ ಎತ್ತಿದರೆ?

ಹಾಗೆ ಮಾಡುವ ಹಾಗಿಲ್ಲ. ಒಪ್ಪಿದ ಮೇಲೆ ಅದು ಕರಾರು, ಮುರಿದರೆ ಆದ ನಷ್ಟ ಕೇಳುವ ಹಕ್ಕು ನಿಮಗಿದೆ. ನೀವು ವಿಷಯ ಮುಚ್ಚಿಟ್ಟು ಆರ್ಡರ್ ಕೊಟ್ಟಿದ್ದರೆ ಮಾತ್ರ ಬೇರೆ, ಅದನ್ನೂ ಫಾರಂನಲ್ಲಿ ಬರೆದಿದ್ದೇವೆ.

ನಡುವೆ ಪಟ್ಟಿ ಬದಲಾದರೆ? ಆಗಲೇ ಒಪ್ಪಿದ ಆರ್ಡರ್ ಮುಗಿಸಿಕೊಡುತ್ತೇವೆ. ಕಾನೂನೇ ಬದಲಾಗಿ ನಿಷೇಧ ಬಂದರೆ ಮುಗಿಸಲು ಆಗುವುದಿಲ್ಲ, ದುಡ್ಡು ವಾಪಸ್.

ನೀವು ಬೇಡ ಅಂದರೆ ಪಕ್ಕದವರು ಮಾಡಿಕೊಡ್ತಾರೆ. ಏನು ಸಾಧನೆ ಆಯ್ತು?

ಮಾಡಿಕೊಡುತ್ತಾರೆ, ನಿಜ. ನಮ್ಮಿಂದ ಯಾವ ಕಂಪನಿಯೂ ಮುಚ್ಚುವುದಿಲ್ಲ, ಒಂದು ಪೊಟ್ಟಣವೂ ಕಮ್ಮಿ ಮಾರಾಟ ಆಗುವುದಿಲ್ಲ.

2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದು ಬಂದ ಪುಲ್ಲೇಲ ಗೋಪಿಚಂದ್ ತಂಪು ಪಾನೀಯದ ಜಾಹೀರಾತು ಬೇಡ ಅಂದರು. ಆ ಪಾನೀಯದ ಮಾರಾಟ ನಿಂತಿತಾ? ಇಲ್ಲ. 2022ರಲ್ಲಿ ನಮ್ಮ ಯಶ್ ಪಾನ್ ಮಸಾಲಾ ಜಾಹೀರಾತು ಬೇಡ ಅಂದರು ಅಂತ ಸುದ್ದಿ ಬಂತು. ಆ ವ್ಯಾಪಾರವೂ ನಿಂತಿಲ್ಲ. ಅದರಲ್ಲಿ ಬದಲಾಗುವುದು ಒಂದೇ, ಅವರ ಮುಖ ಅಲ್ಲಿರಲಿಲ್ಲ. ನಾವು ಅವರಷ್ಟು ದೊಡ್ಡವರಲ್ಲ, ನಮ್ಮ ಲೇಬಲ್ ಅಂಗುಲ ಅಗಲ. ಆ ಅಂಗುಲದ ಮಟ್ಟಿಗೆ ನಮ್ಮ ಮಾತು.

ಕೆಲಸದವರ ಗತಿ? ಮೌಲ್ಯ ನಿಮ್ಮದು, ಓವರ್‌ಟೈಮ್ (ಓಟಿ) ಹೋಗೋದು ಅವರದ್ದು.

ಕರೆಕ್ಟ್ ಪ್ರಶ್ನೆ. ಇದನ್ನು ಕೇಳಿದ್ದು ಹೊರಗಿನವರಲ್ಲ, ನಮ್ಮ ಪ್ರಿಂಟಿಂಗ್ ಟೇಬಲ್ಲಿನ ಹಿರಿಯರು. ದೊಡ್ಡ ಆರ್ಡರ್ ಬಂದರೆ ಅವರ ಮನೆಗೆ ಅದು ಓಟಿ ದುಡ್ಡು, ಮಕ್ಕಳ ಸ್ಕೂಲ್ ಫೀಸು. "ಸರ್, ನೀವು ಬೇಡ ಅಂದ್ರಿ, ನಮ್ಮನ್ನ ಕೇಳಿದ್ರಾ?" ಅಂದರು.

ಆಮೇಲೆ ಕೇಳಿದೆವು. ಪಟ್ಟಿಯನ್ನು ಎಲ್ಲರೂ ಕೂತು ಓದಿದ್ದಾಯ್ತು. ತಮಾಷೆ ಅಂದರೆ, ಲೋನ್ ಆ್ಯಪ್ ಸೇರಿಸಿದ್ದೇ ಅವರು, ನಮ್ಮ ತಲೆಗೆ ಬಂದಿರಲಿಲ್ಲ. ಹೆಲ್ಪರ್ ಒಬ್ಬರ ತಂಗಿಯ ಫೋಟೋ ಹಿಡಿದು ವಸೂಲಿಯವರು ಏನೇನು ಮಾಡಿದ್ದರು ಅಂತ ಅವರಿಗೆ ಗೊತ್ತಿತ್ತು. ಚೈನ್ ಸ್ಕೀಮ್ ಸೇರಿಸಿದ್ದೂ ಅವರೇ. 2019ರಲ್ಲಿ ಶಿವಾಜಿನಗರದ ಐಎಂಎ ಎಂಬ ಹೂಡಿಕೆ ಕಂಪನಿ ಜನರ ದುಡ್ಡಿನ ಸಮೇತ ಮುಳುಗಿದಾಗ ಆಫೀಸಿನ ಮುಂದೆ ಅಳುತ್ತ ನಿಂತವರಲ್ಲಿ ಪರಿಚಯದವರು ಇದ್ದರಂತೆ. ಹೆಂಡ ಸೇರಿಸುವುದಕ್ಕೆ ಮಾತ್ರ ಗಂಡಸರು ಮುಖ ಗಂಟು ಹಾಕಿದರು, ಹೊಲಿಗೆ ಸೆಕ್ಷನ್ನಿನ ಹೆಂಗಸರು ಪಟ್ಟು ಹಿಡಿದರು. ಯಾರು ಗೆದ್ದರು ಅಂತ ಮೇಲಿನ ಪಟ್ಟಿ ನೋಡಿದರೆ ಗೊತ್ತಾಗುತ್ತದೆ.

ಬಿಟ್ಟ ಆರ್ಡರಿನ ದುಡ್ಡು ಎಲ್ಲಿಂದಲೋ ಉದುರುವುದಿಲ್ಲ. ನವೆಂಬರಿನ ರಾಜ್ಯೋತ್ಸವದಿಂದ ಶಾಲೆಗಳ ವಾರ್ಷಿಕೋತ್ಸವ ಮುಗಿಯುವವರೆಗೆ ಸುಗ್ಗಿ, ಆಗ ಬಿಟ್ಟರೆ ಅಷ್ಟು ತಿಳಿಯುವುದಿಲ್ಲ. ಮಳೆಗಾಲದಲ್ಲಿ ಬಿಟ್ಟರೆ ಹೊಟ್ಟೆ ಉರಿಯುತ್ತದೆ. ಸಂಬಳ ಮಾತ್ರ ತಪ್ಪಿಸಿಲ್ಲ.

ನಿಮ್ಮ ಶಾಯಿ, ಬಟ್ಟೆ ಅಷ್ಟು ಪರಿಶುದ್ಧವಾ?

ಇಲ್ಲ. ಪ್ಲಾಸ್ಟಿಸಾಲ್ ಶಾಯಿ ಅಂದರೆ ಪಿವಿಸಿ, ಪ್ಲಾಸ್ಟಿಕ್ಕೇ. ಸುಮಾರು 160 ಡಿಗ್ರಿ ಬಿಸಿ ಕೊಟ್ಟರೆ ಬಟ್ಟೆ ಮೇಲೆ ಗಟ್ಟಿಯಾಗಿ ಕೂರುತ್ತದೆ, ಕಪ್ಪು ಬಟ್ಟೆ ಮೇಲೆ ಬಿಳಿ ಅಕ್ಷರ ಎದ್ದು ಕಾಣಬೇಕಾದರೆ ಅದರಷ್ಟು ಸುಲಭ ಇನ್ನೊಂದಿಲ್ಲ. ನೀರಿನ ಶಾಯಿಯೂ ಇಟ್ಟಿದ್ದೇವೆ, ಕೇಳಿದವರಿಗೆ ಅದರಲ್ಲೇ ಮಾಡಿಕೊಡುತ್ತೇವೆ. ಅದು ಸ್ಕ್ರೀನಿನಲ್ಲೇ ಒಣಗಿ ತೂತು ಕಟ್ಟುತ್ತದೆ, ಕೆಲಸ ನಿಧಾನ, ರೇಟೂ ಸ್ವಲ್ಪ ಜಾಸ್ತಿ.

ಬಟ್ಟೆ ತಿರುಪ್ಪೂರಿನದ್ದು. ಅಲ್ಲಿನ ಬಣ್ಣದ ನೀರು ನೊಯ್ಯಲ್ ನದಿಯನ್ನು ಹಾಳುಮಾಡಿ, 2011ರಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನೇ ಮುಚ್ಚಿಸಿತ್ತು. ನೀರು ಶುದ್ಧೀಕರಿಸುವ ವ್ಯವಸ್ಥೆ ಇರುವವರಿಂದಲೇ ತರಿಸುತ್ತೇವೆ, ಅದರ ಕಾಗದ ಕೇಳಿದರೆ ತೋರಿಸುತ್ತೇವೆ. ಹತ್ತಿ ಹೊಲದವರೆಗೆ ಹೋಗಿ ನೋಡಿದ್ದೀರಾ ಅಂದರೆ ಇಲ್ಲ. ನಾವು ಪೂರ್ತಿ ಶುದ್ಧ ಆದ ಮೇಲೇ ಇನ್ನೊಬ್ಬರಿಗೆ ಬೇಡ ಅನ್ನಬೇಕು ಅಂದರೆ ಯಾರೂ ಯಾವತ್ತೂ ಬಾಯಿ ಬಿಡುವ ಹಾಗಿಲ್ಲ.

ನನಗೂ ಸಣ್ಣ ಬಿಸಿನೆಸ್ ಇದೆ. ಇಂಥ ಪಟ್ಟಿ ಮಾಡಬೇಕು ಅನಿಸ್ತಿದೆ.

ಮಾಡಿ, ಆದರೆ ಗಿರಾಕಿ ಎದುರು ಕೂತಾಗ ಮಾಡಬೇಡಿ. ಮುಂಚೆಯೇ ಬರೆದು ಎಲ್ಲರಿಗೂ ಕಾಣುವಲ್ಲಿ ಹಾಕಿ. ಮನಸ್ಸಿಗೆ ಬಂದಾಗ ಬಂದವರಿಗೆ ಬೇಡ ಅಂದರೆ ಅದು ಮೌಲ್ಯವೋ ಮೂಡೋ ಯಾರಿಗೂ ಗೊತ್ತಾಗುವುದಿಲ್ಲ. "ನೈತಿಕವಲ್ಲದ ವ್ಯವಹಾರ" ಅಂತ ಗಾಳಿಯಲ್ಲಿ ಗುಂಡು ಹೊಡೆಯಬೇಡಿ. ಗುಟ್ಕಾ ಅಂದರೆ ಗುಟ್ಕಾ ಅಂತಲೇ ಬರೆಯಿರಿ. ದೊಡ್ಡ ಗಿರಾಕಿ ಬಂದಾಗ ಪಟ್ಟಿ ಸಡಿಲ ಆಗುವುದಾದರೆ ಪಟ್ಟಿಯೇ ಬೇಡ, ಊರಿಗೆಲ್ಲ ಗೊತ್ತಾಗುತ್ತದೆ. ಒಬ್ಬರೇ ಗಿರಾಕಿಯ ಮೇಲೆ ನಿಂತ ಬಿಸಿನೆಸ್‌ಗೆ ಇದು ಕಷ್ಟ. ಮೊದಲು ನಾಲ್ಕು ಕಡೆ ಕಾಲೂರಿ.

ಹೇಳುವಾಗ ಪ್ರವಚನ ಬೇಡ. ನಾವು ಕಳಿಸುವುದು ಇಷ್ಟೇ: "ನಮಸ್ಕಾರ ಮೇಡಂ, ವಿಚಾರಿಸಿದ್ದಕ್ಕೆ ಥ್ಯಾಂಕ್ಸ್. ಈ ಬಗೆಯ ಬ್ರ್ಯಾಂಡುಗಳ ಕೆಲಸ ನಾವು ಮಾಡುವುದಿಲ್ಲ. ಪಟ್ಟಿ ನಮ್ಮ ಪೇಜಿನಲ್ಲಿದೆ. ಬೇರೆ ಕೆಲಸ ಇದ್ದರೆ ಖಂಡಿತ ಹೇಳಿ." ಮೆಸೇಜ್ ಮಾಡಿದವರು ಪಾಪ ಅಲ್ಲಿ ಎಚ್‌ಆರ್ ವಿಭಾಗದ ಹೊಸ ಹುಡುಗಿ ಇರುತ್ತಾಳೆ. ಅವಳಿಗೆ ಬುದ್ಧಿ ಹೇಳಿ ಏನು ಸಿಗುತ್ತದೆ? ಎಷ್ಟೋ ಸಲ ಅವರೇ ಕೆಲಸ ಬದಲಿಸಿ ಹೊಸ ಕಂಪನಿಯಿಂದ ಆರ್ಡರ್ ಕೊಟ್ಟಿದ್ದಾರೆ.

ನಮ್ಮ ಕಂಪನಿ ನಿಮ್ಮ ಪಟ್ಟಿಗೆ ಬರುತ್ತೋ ಇಲ್ವೋ ಗೊತ್ತಾಗ್ತಿಲ್ಲ.

ಕಂಪನಿ ಹೆಸರು, ಏನು ಮಾರುತ್ತೀರಿ ಅನ್ನುವ ಒಂದು ಸಾಲು, ಲೋಗೋ ಫೈಲ್, ಇಷ್ಟು ಕಳಿಸಿ. ಮರುದಿನ ಸಂಜೆಯೊಳಗೆ ಹೌದು ಅಥವಾ ಇಲ್ಲ ಅಂತ ಉತ್ತರ ಬರುತ್ತದೆ, ಇಲ್ಲ ಅಂದರೆ ಯಾಕೆ ಅನ್ನುವುದೂ. ಅಲ್ಲಿಯವರೆಗೆ ಅಡ್ವಾನ್ಸ್ ಹಾಕಬೇಡಿ. ಲೋಗೋ ಮಾತ್ರ ವಾಟ್ಸಾಪಲ್ಲಿ ಫೋಟೋ ಥರ ಕಳಿಸಬೇಡಿ, ಮಸುಕಾಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.